ತೆಂಗಿನ ತಟ್ಟಿ ಉಟ್ಟ ನೀಲಿ ಲಾರಿ

ನಿನ್ನ ಅಜ್ಜನ ಕಥೆ ಬರೆದುಕೊಳ್ಳುತ್ತೇನೆ ಎಂದು ಕೂತಿದ್ದೀಯಲ್ಲ ಮಗಾ, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವರ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ. ಅವರು ಹೋಗಿ ಇಷ್ಟು ವರ್ಷವಾಯಿತು, ಆದರೂ ಬರುವುದಿಲ್ಲ. ಬೇರೆಯವರು ಅವರನ್ನು ಕರೆದದ್ದು ಹೇಳುವಾಗ ಬಂದೀತು, ಅಲ್ಲಿಂದ ಹೆಕ್ಕಿಕೋ. ಅವರ ತಾಯಿ ಹನುಮಕ್ಕ ಬೆಳಕೆ ಊರಿನ ಕಡಲ ದಂಡೆಯಲ್ಲಿ ನಿಂತು “ಏ ಜಟ್ಟೀ” ಎಂದು ಕೂಗಿದರೆ ದೋಣಿಯಲ್ಲಿದ್ದ ನಾಲ್ಕು ಜಟ್ಟಿಗಳು ತಿರುಗಿ ನೋಡುತ್ತಿದ್ದರಂತೆ. ನಮ್ಮವರು ಮಾತ್ರ ನೋಡುತ್ತಿರಲಿಲ್ಲ. ಅವರು ದೋಣಿಯಲ್ಲಿ ಇದ್ದರೆ ತಾನೆ? ದೋಣಿ ಹತ್ತಿದರೆ ಸಾಕು, ಹೊಟ್ಟೆ ತೊಳೆಸಿ ವಾಂತಿ. ಸಮುದ್ರದ ದಂಡೆಯಲ್ಲಿ ಹುಟ್ಟಿದ ಮನುಷ್ಯನಿಗೆ ಸಮುದ್ರ ಆಗುವುದಿಲ್ಲ ಅಂದರೆ ಊರಿನಲ್ಲಿ ಎಷ್ಟು ನಗೆ ಆಗಿರಬೇಡ! ಹಾಗಾಗಿ ಅವರು ದೊಡ್ಡ ರಸ್ತೆಯ ಬದಿಗೆ ಹೋಗಿ ಲಾರಿ ನೋಡುತ್ತಾ ಬೆಳೆದರು. ನೋಡಿ ನೋಡಿ ಕ್ಲೀನರ್ ಆದರು, ಆಮೇಲೆ ಡ್ರೈವರ್ ಆದರು. ಲಾರಿಯಲ್ಲಿ ಒಂದು ದಿನವೂ ವಾಂತಿ ಮಾಡಿದವರಲ್ಲ. ಹೊಳೆ ದಾಟಿಸುವ ಜಂಗಲ್ ಮೇಲೆ ಮಾತ್ರ ಮಾಡುತ್ತಿದ್ದರು, ಅದನ್ನು ಆಮೇಲೆ ಹೇಳುತ್ತೇನೆ.

ಲಾರಿ ಅವರದ್ದಲ್ಲ. ಕುಮಟೆಯ ಮೇಲ್ಗಡೆ, ಯಾಣಕ್ಕೆ ಹೋಗುವ ಬದಿಯಲ್ಲಿ ತೋಟವಿದ್ದ ಹರಿಹರ ಹೆಗಡೆಯವರದ್ದು. ನೀಲಿ ಬಣ್ಣ. ನೀಲಿ ಅಂದರೆ ಎಂಥ ನೀಲಿ, ನವಿಲಿನ ಕುತ್ತಿಗೆ ಇರುತ್ತದಲ್ಲ, ಅಂಥದ್ದು. ಹಣೆಯ ಮೇಲೆ ಹಳದಿ ಅಕ್ಷರದಲ್ಲಿ ಗಣಪತಿಯ ಹೆಸರು. ನಮ್ಮವರು ಬೆಳಿಗ್ಗೆ ಎದ್ದು ಮೊದಲು ಲಾರಿಗೆ ಸ್ನಾನ ಮಾಡಿಸುತ್ತಿದ್ದರು. ಕೊಡದಲ್ಲಿ ನೀರು ಉಳಿದರೆ ತಾವು ಮಾಡುತ್ತಿದ್ದರು. ತಲೆ ಬಾಚಿಕೊಳ್ಳುವುದು ಲಾರಿಯ ಕನ್ನಡಿಯಲ್ಲೇ. ಮದುವೆಯಾದ ಮೇಲೆ ನಾನು ಮನೆಗೊಂದು ಕನ್ನಡಿ ತರಿಸಿದೆ. ಅದರಲ್ಲಿ ಮುಖ ನೋಡಿಕೊಂಡು “ಇದರೊಳಗೆ ನಾನು ಬೇರೆಯೇ ಕಾಣ್ತೆ” ಎಂದು ಅದನ್ನು ಗೋಡೆಗೆ ತಿರುಗಿಸಿಟ್ಟಿದ್ದರು.

ಅವರ ಜೊತೆ ಕ್ಲೀನರ್ ಆಗಿ ಇದ್ದವನು ಸುಕ್ರ. ಅವರಿಗಿಂತ ಹದಿನೈದು ವರ್ಷ ದೊಡ್ಡವನು. ಹುಟ್ಟಿದಾಗಿನಿಂದ ಎತ್ತಿನ ಗಾಡಿ ಹೊಡೆದು ಹೊಡೆದು, ಎತ್ತು ಸತ್ತ ಮೇಲೆ ಲಾರಿಗೆ ಬಂದವನು. ಏರು ಬಂದರೆ ಬಾಗಿಲಿನಿಂದ ಹೊರಗೆ ಬಾಗಿ, ಲಾರಿಯ ಪಕ್ಕೆಗೆ ಅಂಗೈಯಿಂದ ತಟ್ಟಿ “ಹೈ ಹೈ ಹೈ, ಬಾ ತಂಗೀ” ಎನ್ನುತ್ತಿದ್ದನಂತೆ. ಲಾರಿ ಏರು ಹತ್ತಿದ್ದು ತನ್ನಿಂದಲೇ ಎಂದು ಸಾಯುವವರೆಗೂ ನಂಬಿದ್ದ.

ಎಲ್ಲಿಗೆ ಬಂದೆ? ಹಾಂ, ಮುಟ್ಟಳ್ಳಿ.

ನಮ್ಮ ಮನೆ ಭಟ್ಕಳದ ಮುಟ್ಟಳ್ಳಿಯಲ್ಲಿ. ಗದ್ದೆ, ತೆಂಗು, ಒಂದು ಜೊತೆ ಎತ್ತು, ಚಂದ್ರಿ ಎಂಬ ಹೆಸರಿನ ಒಂದು ಎಮ್ಮೆ. ಚಂದ್ರಿಯನ್ನು ನೆನಪಿಟ್ಟುಕೋ. ಅಪ್ಪನ ಹೆಸರು ಬೊಮ್ಮ, ಅವ್ವಿ ಗಂಗೆ. ನಾನು ಹೊನ್ನಿ, ಹಿರಿಯವಳು. ಹೆಗಡೆಯವರ ಲಾರಿ ಒಂದು ಸಲ ನಮ್ಮಲ್ಲಿಗೆ ತೆಂಗಿನಕಾಯಿ ತುಂಬಲು ಬಂತು. ಚೀನಾ ಯುದ್ಧ ಮುಗಿದ ಮರು ವರ್ಷ ಅದು. ಕಾಯಿ ಎಣಿಸಿ ಕೊಡುವುದು ನನ್ನ ಕೆಲಸ. ಅವರು ನನ್ನನ್ನು ನೇರ ನೋಡಲಿಲ್ಲ, ಲಾರಿಯ ಕನ್ನಡಿಯಲ್ಲಿ ನೋಡಿದರು. ಕನ್ನಡಿಯಲ್ಲಿ ಅವರು ನನಗೆ ಕಂಡರೆ ನಾನೂ ಅವರಿಗೆ ಕಾಣುತ್ತೇನೆ ಎಂದು ನನಗೆ ಗೊತ್ತಿತ್ತು. ನಾನೂ ಅಲ್ಲೇ ನಿಂತು ಎಣಿಸಿದೆ. ಆ ದಿನ ಹನ್ನೊಂದು ಕಾಯಿ ಹೆಚ್ಚು ಹೋಯಿತು.

ಎಂಟು ದಿನಕ್ಕೆ ಹನುಮಕ್ಕ ಮಗನನ್ನು ಕರೆದುಕೊಂಡು ಹೆಣ್ಣು ಕೇಳಲು ಬಂದರು. ಲಾರಿಯಲ್ಲೇ ಬಂದರು. ಅದೇ ಅವರು ಮಾಡಿದ ತಪ್ಪು. ನಡೆದು ಬಂದಿದ್ದರೆ ಇಷ್ಟು ಕಥೆಯೇ ಇರುತ್ತಿರಲಿಲ್ಲ.

ನನ್ನ ಅಪ್ಪ ಎತ್ತು ಕೊಳ್ಳುವುದರಲ್ಲಿ ಹೆಸರು ಮಾಡಿದ ಮನುಷ್ಯ. ಹಲ್ಲು ನೋಡುತ್ತಿರಲಿಲ್ಲ, ಮೈ ನೋಡುತ್ತಿದ್ದ. ಎತ್ತಿನ ಪಕ್ಕೆಯ ಮೇಲೆ ಅಂಗೈ ಎಳೆದು, ಅದನ್ನು ಸಾಕಿದವನು ಹೊಡೆಯುವವನೋ ಅಲ್ಲವೋ ಎಂದು ಹೇಳಿಬಿಡುತ್ತಿದ್ದ. ಅವನಿಗೆ ಹುಡುಗನ ಮುಖ ಯಾತಕ್ಕೆ? ಹನುಮಕ್ಕ ಎಲೆ ಅಡಿಕೆ ಬಾಯಿಗೆ ಹಾಕುವುದರೊಳಗೆ ಅಪ್ಪ ಅಂಗಳಕ್ಕೆ ಇಳಿದು ಲಾರಿಗೆ ಒಂದು ಸುತ್ತು ಬಂದ. ಅಂಗೈ ಇಟ್ಟು ಎಳೆದ. ಎಡಗಡೆ ಬಾಗಿಲ ಹತ್ತಿರ ಕೈ ನಿಂತಿತು.

“ಇದೆಂತದಾ ಜಟ್ಟಿ, ಬಾಸುಂಡೆ?”

“ಬಾಸುಂಡೆ ಅಲ್ಲ ಬೊಮ್ಮಣ್ಣ, ಗೀರು. ಯಾಣದ ದಾರಿಯಾಗೆ ಕವಳಿ ಮುಳ್ಳಿನ ಮಟ್ಟಿ, ಬಿದಿರಿನ ಮುಳ್ಳು ಎಲ್ಲಾ ತಾಗ್ತದೆ.”

“ಮಟ್ಟಿ ಬಂದು ತಾಗ್ತದೋ, ನೀ ಹೋಗಿ ತಾಗ್ಸ್ತೀಯೋ?”

“ದಾರಿ ಸಪೂರ ಉಂಟು.”

“ನನ್ನ ಗಾಡಿನೂ ಸಪೂರ ದಾರಿಯಾಗೇ ಹೋಗ್ತದೆ. ಬಾ ಇಲ್ಲಿ, ನನ್ನ ಎತ್ತಿನ ಮೈ ಕಾಣು. ಕೈ ಇಟ್ಟು ಕಾಣು. ಉಂಟಾ ಒಂದಾದ್ರೂ?”

ಪಾಪ, ಹೆಣ್ಣು ಕೇಳಲು ಬಂದವರು ಎತ್ತಿನ ಮೈ ಸವರುತ್ತಾ ನಿಂತಿದ್ದರು. ಎತ್ತು ಬಾಲ ಬೀಸಿ ಅವರ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಸಗಣಿಯ ಗೆರೆ ಎಳೆಯಿತು. ಅಪ್ಪ ಒಟ್ಟು ಎಂಟು ಗೀರು ಎಣಿಸಿದ.

“ಬಾಯಿ ಬರದ ಗಾಡಿನ ಹೀಂಗೆ ಇಟ್ಕಂಡವ, ಬಾಯಿ ಬರೋ ನನ್ನ ಮಗಳನ್ನ ಹ್ಯಾಂಗೆ ಇಟ್ಕಂತ?”

ಹನುಮಕ್ಕನಿಗೆ ಸಿಟ್ಟು ಬಂತು. “ನಿಮ್ಮ ಮಗಳಿಗೆ ಬಣ್ಣ ಹೊಡಸಿದ್ರಾ, ಗೀರು ಬೀಳೂಕೆ?”

ಒಳಗೆ ನನಗೆ ನಗೆ. ಅವ್ವಿ ನನ್ನ ಬಾಯಿಗೆ ಸೆರಗು ತುರುಕಿದಳು. ಅವ್ವಿಗೆ ಹುಡುಗ ಮೆಚ್ಚುಗೆಯಾಗಿದ್ದ. ಯಾಕೆಂದರೆ ಇನ್ನೊಂದು ಕಡೆಯಿಂದ ಕುಪ್ಪ ಎಂಬ ಒಬ್ಬನ ಮಾತು ನಡೆಯುತ್ತಿತ್ತು. ಕುಪ್ಪನಿಗೆ ತೆಂಗಿನ ಮರ ಬಹಳ. ಮನೆಗೆ ಬಂದು ಮೂರು ತಾಸು ಕೂತು ಯಾವ ಮರ ಎಷ್ಟು ಕಾಯಿ ಬಿಡುತ್ತದೆ ಎಂದು ಒಂದೊಂದರದೇ ಸುದ್ದಿ ಹೇಳಿ, ನಡುವೆ ಕೂತಲ್ಲೇ ನಿದ್ದೆ ಮಾಡಿ, ಎದ್ದು ಮುಂದಿನ ಮರದಿಂದ ಶುರು ಮಾಡಿದ್ದ. ಅಪ್ಪನಿಗೆ ಅವನ ಎತ್ತಿನ ಮೈ ಇಷ್ಟವಾಗಿತ್ತು. ನನ್ನ ಕಥೆ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತು ಯೋಚಿಸು.

ಕೊನೆಗೆ ಅಪ್ಪ ತೀರ್ಪು ಹೇಳಿದ. “ಶಿವರಾತ್ರಿ ಮಾರನೇ ದಿನ ಇದೇ ಗಾಡಿ ತಕಂಡು ಬಾ. ಒಂದು ಗೀರೂ ಕಾಣದಿದ್ರೆ ಹೆಣ್ಣು ಕೊಟ್ಟೆ. ಒಂದು ಕಂಡ್ರೂ ಕುಪ್ಪನಿಗೆ ಹೇಳಿ ಕಳಸ್ತೆ.”

“ಆತು” ಎಂದರು ಇವರು. ಒಂದೇ ಮಾತು. ಆಮೇಲೆ ಲಾರಿ ಹತ್ತಿ ಹೋದವರು ನಮ್ಮ ಬೇಲಿಯ ದಾಸವಾಳಕ್ಕೆ ತಾಗುತ್ತದೆ ಎಂದು ಹಿಂದೆ ಮುಂದೆ ಹದಿನಾಲ್ಕು ಸಲ ತಿರುಗಿಸಿದರು.

ಈಗ ಗೀರು ತೆಗೆಯುವ ಸಂಗತಿ. ಸುಕ್ರ ಹೇಳಿದನಂತೆ, “ಎಂತ ಇಲ್ಲಾ, ತೆಂಗಿನೆಣ್ಣೆ ತಿಕ್ಕು. ನನ್ನ ಎತ್ತಿಗೆ ಗಾಯ ಆದ್ರೆ ಅದೇ ಹಚ್ಚೂದು.” ಇಬ್ಬರೂ ಸೇರಿ ಒಂದು ಬಾಟಲಿ ಎಣ್ಣೆ ತಿಕ್ಕಿದರು. ನೋಡುತ್ತಾರೆ, ಗೀರು ಮಾಯ! ಲಾರಿ ಮಿಂಚುತ್ತಿದೆ. ಸುಕ್ರ ಉಳಿದ ಎಣ್ಣೆಯನ್ನು ತನ್ನ ತಲೆಗೆ ಹಚ್ಚಿಕೊಂಡ. ಅದೇ ಖುಷಿಯಲ್ಲಿ ಹೊನ್ನಾವರದ ಕಡೆ ಹೊರಟರು. ಆಗ ಕೆಮ್ಮಣ್ಣಿನ ಧೂಳು ಎಂದರೆ ಈಗಿನವರಿಗೆ ಹೇಳಿದರೆ ತಿಳಿಯುವುದಿಲ್ಲ. ಹೊನ್ನಾವರ ಮುಟ್ಟುವಾಗ ನೀಲಿ ಲಾರಿ ಕೆಂಪು ಲಾರಿಯಾಗಿತ್ತು. ಎಣ್ಣೆ ಹೊಕ್ಕಿದ್ದ ಗೀರುಗಳಂತೂ ಕುಂಕುಮದಲ್ಲಿ ಗೆರೆ ಎಳೆದ ಹಾಗೆ ಒಂದೊಂದೂ ಎದ್ದು ಕಾಣುತ್ತಿದ್ದವು.

ಶರಾವತಿಗೆ ಆಗ ಸೇತುವೆ ಎಲ್ಲಿತ್ತು? ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್ ಮೇಲೆ ಲಾರಿ ನಿಲ್ಲಿಸಿ ಹೊಳೆ ದಾಟಬೇಕು. ಇವರು ಜಂಗಲ್ಲಿನ ಅಂಚಿನಲ್ಲಿ ಕೂತು ತಮ್ಮ ಮಾಮೂಲಿ ವಾಂತಿ ಮಾಡುತ್ತಿದ್ದಾಗ ಜಂಗಲ್ಲಿನವನು ಕೇಳಿದನಂತೆ, “ಜಟ್ಟಣ್ಣ, ಗಾಡಿಗೆ ಎಣ್ಣೆಸ್ನಾನ ಆಗ್ತಾ ಉಂಟಾ? ಸೀಗೆಪುಡಿ ಎಲ್ಲಿ?” ಇವರಿಗೆ ಬಾಯಿ ತೆರೆಯಲು ಬಾರದು. ತೆರೆದರೆ ಮಾತು ಬರುವುದಿಲ್ಲ, ಬೇರೆ ಬರುತ್ತದೆ.

ಅದಾದ ಮೇಲೆ ಸುಕ್ರನ ಎರಡನೇ ಬುದ್ಧಿ. ಗರಗತ್ತಿ ಎಲೆ ಗೊತ್ತಲ್ಲ, ಒರಟು ಎಲೆ, ನಾವು ಮರದ ಸಟ್ಟುಗ ತಿಕ್ಕುತ್ತಿದ್ದೆವು. ಆಚಾರಿಗಳೂ ಮರ ನುಣುಪು ಮಾಡಲು ಅದನ್ನೇ ಬಳಸುತ್ತಿದ್ದರು. ಮರ ನುಣುಪಾಗುತ್ತದೆ ಎಂದರೆ ಬಣ್ಣವೂ ಆಗಬೇಕಲ್ಲ ಎಂದು ಒಣ ಎಲೆಯಿಂದ ತಿಕ್ಕಿದರು. ಗೀರು ಹೋಯಿತು. ಹೊಳಪೂ ಹೋಯಿತು. ಬಾಗಿಲ ಮೇಲೆ ಅಕ್ಕಿ ಕೇರುವ ಗೆರಸೆಯಷ್ಟು ದೊಡ್ಡ ಮಂಜು ಮಂಜು ಕಲೆ. ಹೆಗಡೆಯವರು ಬಂದು ನೋಡಿದರು.

“ಇದೆಂತದಾ ಮಾರಾಯ! ಲಾರಿಗೆ ಕಣ್ಣು ಪೊರೆ ಬಂದಾಂಗೆ ಆಗೋಜಲ!”

“ಗೀರು ತೆಗದೆ ಒಡ್ಯಾ.”

“ಗೀರಿದ್ರೆ ಲಾರಿ ಹೇಳಾದ್ರೂ ಕಾಣ್ತಿತ್ತು. ಈಗ ಎಂತ ಹೇಳಿ ಗೊತ್ತಾಗ್ತಿಲ್ಲೆ. ಇನ್ನೊಂದು ಸಲ ಸೊಪ್ಪು ಹಿಡ್ಕಂಡು ಲಾರಿ ಹತ್ರ ಬಂದ್ರೆ ನಿನ್ನ ಕೊಟ್ಟಿಗೆ ಕೆಲಸಕ್ಕೆ ಹಾಕ್ತೆ, ನೋಡು.”

ಆಗ ಇವರು ಭಟ್ಕಳದ ಬಣ್ಣದ ಉಸ್ತಾದರ ಹತ್ತಿರ ಹೋದರು. ಬಸ್ಸಿಗೆ, ಅಂಗಡಿ ಬೋರ್ಡಿಗೆ ಬಣ್ಣ ಬಳಿಯುವ ಮುದುಕರು. ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿಕೊಂಡಿದ್ದರು. ಕನ್ನಡಕ ಮೂಗಿಗೆ ಏರಿಸಿ, ಮಂಜು ಕಲೆಗೆ ಮುಖ ತಾಗಿಸಿ ನೋಡಿದರಂತೆ.

“ಯಾರು ಮಾಡಿದ್ದು ಇದು?”

“ನಾವೇ, ಉಸ್ತಾದ್.”

“ತೋಬಾ ತೋಬಾ. ಎಂತದ್ರಲ್ಲಿ?”

“ಎಲೆಯಲ್ಲಿ.”

“ಬಕ್ರಿ ಎಲೆ ತಿಂತದೆ, ಸುಮ್ನೆ ಇರ್ತದೆ. ನಿಮಗೆ ಅಷ್ಟೂ ಗೊತ್ತಾಗ್ಲಿಲ್ಲ?” ಎಂದು ಬೈದು, ಆಮೇಲೆ ಕೂರಿಸಿಕೊಂಡು ಕಲಿಸಿದರು. ಮೊದಲು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಮಣ್ಣು ಇರುವಾಗ ಉಜ್ಜಿದರೆ ಮಣ್ಣೇ ಹೊಸ ಗೀರು ಹಾಕುತ್ತದೆ. ಆಮೇಲೆ ಗೀರಿನ ಮೇಲೆ ಅಡ್ಡಕ್ಕೆ ಉಗುರು ಎಳೆಯಬೇಕು. ಉಗುರು ಜಾರಿ ಹೋದರೆ ಮೇಲಿನ ಸಿಪ್ಪೆಗೆ ಮಾತ್ರ ಆದದ್ದು, ಉಜ್ಜಿದರೆ ಹೋಗುತ್ತದೆ. ಉಗುರು ಸಿಕ್ಕಿಕೊಂಡರೆ ಆಳ, ಅದಕ್ಕೆ ಸಣ್ಣ ಬ್ರಶ್ಶಿನಲ್ಲಿ ಬಣ್ಣವೇ ತುಂಬಬೇಕು. ಉಜ್ಜುವುದಕ್ಕೆ ನೀರಿನಲ್ಲಿ ನೆನೆಸಿದ ನಯವಾದ ಕರಿ ಕಾಗದ, ಈಗ ನೀವು ಸ್ಯಾಂಡ್‌ಪೇಪರ್ ಎನ್ನುತ್ತೀರಲ್ಲ ಅದು, ಅದನ್ನೂ ಬೆಣ್ಣೆ ಸವರುವ ಹಾಗೆ ಹಗುರಕ್ಕೆ. ಮೇಲಿಂದ ಪಾಲಿಶು, ಕೊನೆಗೆ ಮೇಣ. ಮೂರು ದಿನ ಹಿಡಿಯಿತು. ಎಂಟು ಗೀರಿನಲ್ಲಿ ಆರು ಉಜ್ಜಿ ಹೋದವು, ಎರಡಕ್ಕೆ ಉಸ್ತಾದರೇ ಬಣ್ಣ ತುಂಬಿದರು. ಮಂಜೂ ಹೋಯಿತು. ಲಾರಿ ಮತ್ತೆ ನವಿಲಾಯಿತು. ಇವರು ಉಗುರು ಬೆಳೆಸಲು ಶುರು ಮಾಡಿದ್ದು ಆವಾಗಲೇ. ಬಲಗೈ ಹೆಬ್ಬೆರಳಿನ ಉಗುರು ಕೊನೆಯವರೆಗೂ ಉದ್ದ ಇತ್ತಲ್ಲ, ನೀನೂ ನೋಡಿದ್ದೀಯ.

ಆದರೆ ಸಂಕಟ ಈಗ ಹುಟ್ಟಿತು ನೋಡು. ಶಿವರಾತ್ರಿಗೆ ಯಾಣಕ್ಕೆ ಜನ ಬರುತ್ತಾರಲ್ಲ, ಅವರ ಊಟಕ್ಕೆ ಅಕ್ಕಿ, ಹಂಡೆ, ಕೊಪ್ಪರಿಗೆ ಸಾಗಿಸುವುದಾಗಿ ಹೆಗಡೆಯವರು ಒಪ್ಪಿಕೊಂಡುಬಿಟ್ಟರು. ನಾಲ್ಕು ಸಲ ಹೋಗಿ ಬರಬೇಕು. ಲಾರಿ ಹೋಗುವಷ್ಟು ದೂರ ಆ ಗಾಡಿ ದಾರಿಯಲ್ಲೇ, ಎರಡೂ ಬದಿಯಿಂದ ಮುಳ್ಳು. ಗೀರಿಗೇ ಹುಟ್ಟಿದ ದಾರಿ. ಮಾರನೇ ದಿನ ನಮ್ಮ ಅಂಗಳದಲ್ಲಿ ಅಪ್ಪನ ಅಂಗೈ.

ಆ ಪೊದೆ ಮಟ್ಟಿ ಕಡಿಯೋಣ ಎಂದರೆ ಫಾರೆಸ್ಟ್ ಗಾರ್ಡು “ಒಂದು ಕೊಂಬೆ ಮುರಿದ್ರೂ ನಾ ಮೇಲೆ ಉತ್ತರ ಹೇಳ್ಬೇಕು” ಎಂದ. ಮೊದಲನೇ ದಿನ ಸುಕ್ರ ಲಾರಿಯ ಮುಂದೆ ನಡೆದು, ಒಂದೊಂದೇ ಮಟ್ಟಿಯನ್ನು ಬೆನ್ನಿನಿಂದ ಒತ್ತಿ ಹಿಡಿದು ಲಾರಿ ದಾಟಿಸಿ ನೋಡಿದ. ಅರ್ಧ ಫರ್ಲಾಂಗಿಗೆ ಅಂಗಿ ಹರಿದು, “ನನ್ನ ಮೈಗೆ ಯಾವ ಉಸ್ತಾದ ಬಣ್ಣ ತುಂಬ್ತ?” ಎಂದು ಕೂತುಬಿಟ್ಟ. ಲಾರಿಯನ್ನು ಹಾಗೇ ಹಿಂದಕ್ಕೆ ತಂದರು.

ಇವರಿಗೆ ಉಸ್ತಾದರು ಹೇಳಿದ ಇನ್ನೊಂದು ಮಾತು ನೆನಪಾಯಿತು. “ಕಾಡಿಗೆ ಹೋಗೂದಾದ್ರೆ ಗಾಡಿಗೆ ಚಾದರ ಹೊದಿಸು.” ಅಷ್ಟು ದೊಡ್ಡ ಚಾದರ ಎಲ್ಲಿಂದ ತರುವುದು? ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಮಣ್ಣಿನ ಗೋಡೆಗೆ ಇರಚಲು ಹೊಡೆಯದ ಹಾಗೆ ತೆಂಗಿನ ಗರಿಯ ತಟ್ಟಿ ಕಟ್ಟುತ್ತೇವಲ್ಲ. ಗೋಡೆಗೆ ಕಟ್ಟಿದ್ದನ್ನು ಲಾರಿಗೆ ಕಟ್ಟಿದರೆ ಆಗುವುದಿಲ್ಲವೇ?

ಮಗ ಹೇಳಿ ಕಳಿಸಿದ್ದೇ ತಡ, ಹನುಮಕ್ಕ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಮೂವತ್ತು ತಟ್ಟಿ ಬೇಕಂತೆ, ಎರಡು ದಿನದಲ್ಲಿ.

ಅಪ್ಪ ಹುಬ್ಬು ಏರಿಸಿದ. “ಮಾಘ ತಿಂಗಳಾಗೆ ತಟ್ಟಿ ಎಂತಕೆ? ಮಳೆ ಎಲ್ಲುಂಟು?”

“ಬೆಳಕೆ ಬದಿಯಾಗೆ ಮೋಡ ಕಾಣ್ತದೆ” ಎಂದರು ಹನುಮಕ್ಕ, ಒಂದು ಚೂರೂ ನಗದೆ.

ಅಪ್ಪ ಅಂಗಳಕ್ಕೆ ಹೋಗಿ ಆಕಾಶ ನೋಡಿ ಬಂದ. ಅಷ್ಟರಲ್ಲಿ ಹನುಮಕ್ಕ ಅಡುಗೆಮನೆಗೆ ಬಂದು ನನಗೆ ಇದ್ದ ಸಂಗತಿ ಹೇಳಿದರು. ತಟ್ಟಿ ಹೆಣೆಯುವುದರಲ್ಲಿ ನನ್ನ ಕೈ ಆ ಊರಿನಲ್ಲೇ ಮೇಲು, ಇದು ಹೆಮ್ಮೆಗೆ ಹೇಳುವುದಲ್ಲ. ಆದರೆ ತಟ್ಟಿ ಹೆಣೆಯುವವಳಿಗೆ ತಟ್ಟಿಯ ಗುಣ ಗೊತ್ತಿರುತ್ತದೆ. ಗರಿಯ ದಿಂಡು ಗಟ್ಟಿ, ಅಂಚು ಚೂಪು. ಲಾರಿ ಅಲ್ಲಾಡಿದ ಹಾಗೆಲ್ಲ ತಟ್ಟಿಯೇ ಬಣ್ಣ ಗೀರುತ್ತದೆ. ನಾನು ಹೇಳಿದೆ, “ತಟ್ಟಿಗೂ ಗಾಡಿಗೂ ನಡುವೆ ಹುಲ್ಲು ಇಡೂಕೆ ಹೇಳಿ. ದಪ್ಪಕ್ಕೆ, ಹಾಸಿಗೆ ಹಾಸಿದ ಹಾಂಗೆ. ಹೊಸ ಗದ್ದೆ ಹುಲ್ಲು ಆಗ್ಬೇಕು, ಮೆತ್ತಗೆ ಇರ್ತದೆ. ನಾ ಹೇಳ್ದೆ ಅಂತ ಹೇಳ್ಬೇಡಿ, ನೀವೇ ಹೇಳ್ದಾಂಗೆ ಹೇಳಿ.”

“ನಾ ಎಂತಕೆ ಹೇಳ್ಲಿ” ಎಂದರು ಹನುಮಕ್ಕ. ಆಣೆಯನ್ನೂ ಹಾಕಿದರು.

ಎರಡು ದಿನ ನಾನು ಕೆರೆಯಲ್ಲಿ ನೆನೆಸಿದ ಗರಿ ಹೆಣೆದೆ ಹೆಣೆದೆ. ಬೆರಳು ಸುಲಿದು ಹೋಯಿತು. ಅಪ್ಪ ನಡುನಡುವೆ ಹೊರಗೆ ಹೋಗಿ ಮೋಡ ನೋಡಿ ಬರುತ್ತಿದ್ದ.

ಆ ಲಾರಿಯ ರೂಪ ನಾನು ಯಾಣದ ದಾರಿಯಲ್ಲಿ ನೋಡಲಿಲ್ಲ, ಅವರು ಹೇಳಿದ್ದು ಕೇಳಿದ್ದು, ನೂರು ಸಲ ಕೇಳಿದ್ದು. ಮೈ ತುಂಬ ಹುಲ್ಲು, ಮೇಲೆ ತಟ್ಟಿ, ಮೇಲೆ ತೆಂಗಿನ ನಾರಿನ ಕತ್ತದ ಹಗ್ಗ. ಮುಂದಿನ ಗಾಜು, ಎರಡು ದೀಪ, ಕಿವಿಯ ಹಾಗೆ ಎರಡು ಕನ್ನಡಿ ಮಾತ್ರ ಹೊರಗೆ. ಬಾಗಿಲಿನ ಮೇಲೂ ತಟ್ಟಿ ಕಟ್ಟಿದ್ದರಿಂದ ಒಳಗೆ ಹೋಗುವುದು ಕಿಟಕಿಯಿಂದ, ಹೊರಗೆ ಬರುವುದು ಕಿಟಕಿಯಿಂದ. ಸುಕ್ರನ ಹೊಟ್ಟೆ ಒಂದು ಸಲ ಸಿಕ್ಕಿಕೊಂಡಿತಂತೆ. ಹೆಗಡೆಯವರು ಜಗಲಿಯಿಂದ ಇಳಿದು ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

“ಜಟ್ಟಿ, ನನ್ನ ಲಾರಿ ಎಲ್ಲಿದ್ದು?”

“ಇದರೊಳಗೆ ಉಂಟು ಒಡ್ಯಾ.”

“ಒಳಗಿದ್ದು ಹೇಳಿ ನಂಬಕ್ಕಾ?”

ಅಕ್ಕಿ ಇಳಿಸುವಲ್ಲಿ ಯಾತ್ರೆಗೆ ಬಂದ ಒಬ್ಬಳು ಮುದುಕಿ ಲಾರಿಯ ಸುತ್ತ ಬಾಗಿಲು ಹುಡುಕಿ, ಸಿಗದೆ, ಕಿಟಕಿಯಲ್ಲಿ ಇವರ ಮುಖ ಕಂಡು, “ತಮ್ಮಾ, ಒಂದು ಲೋಟ ಮಜ್ಜಿಗೆ ಸಿಗ್ತದಾ?” ಎಂದು ಕೇಳಿದಳಂತೆ. ಇವರು ಕುಡಿಯಲು ಇಟ್ಟುಕೊಂಡಿದ್ದ ನೀರು ಕೊಟ್ಟರು. ಅವಳು ಆಶೀರ್ವಾದ ಮಾಡಿದಳು, “ನಿನ್ನ ಮನೆ ತಣ್ಣಗಿರ್ಲಿ.” ಆ ಆಶೀರ್ವಾದ ಲಾರಿಗೆ ಹೋಯಿತೋ ನಮಗೆ ಬಂತೋ ಗೊತ್ತಿಲ್ಲ.

ನಾಲ್ಕು ಸಲ ಹೋಗಿ ಬಂದರು. ತಟ್ಟಿ ಚಿಂದಿಯಾಯಿತು. ಶಿವರಾತ್ರಿಯ ದಿನ ಸಂಜೆ ಒಂದು ಮೂಲೆ ಎತ್ತಿ ಹುಲ್ಲು ಸರಿಸಿ ನೋಡಿದರೆ ಬಣ್ಣ ಕನ್ನಡಿಯ ಹಾಗೆ. ಉಗುರು ಎಳೆದರು. ಜಾರಿತು. ಸುಕ್ರ ಲಾರಿಗೆ ಮುತ್ತು ಕೊಟ್ಟ.

ಅಲ್ಲೇ ತಟ್ಟಿ ಬಿಚ್ಚಿದ್ದರೆ ಆಗುತ್ತಿತ್ತು. ಆದರೆ ನಿನ್ನ ಅಜ್ಜನಿಗೆ ಆಸೆ. ಅಪ್ಪನ ಎದುರಿಗೇ ಬಿಚ್ಚಬೇಕು, ಮುಸುಕು ತೆಗೆದ ಹಾಗೆ ಲಾರಿ ಹೊರಗೆ ಬರಬೇಕು, ಅಪ್ಪ ಬಾಯಿ ಕಳೆದು ನಿಲ್ಲಬೇಕು. ಅದೂ ಅಲ್ಲದೆ ದಾರಿಯ ಧೂಳೂ ತಾಗುವುದಿಲ್ಲ. ಮಾರನೇ ದಿನ ಬೆಳಿಗ್ಗೆ ಹಾಗೇ ಹೊರಟು, ಜಂಗಲ್ಲಿನ ಮೇಲೆ ವಾಂತಿ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಮುಟ್ಟಳ್ಳಿಗೆ ಬಂದರು. ದಾರಿಯುದ್ದಕ್ಕೂ ಹಸು ಕರುಗಳು ಲಾರಿಯ ಹಿಂದೆ ಓಡಿ ಬರುತ್ತಿದ್ದವಂತೆ. ಯಾಕೆ ಎಂದು ಆ ಇಬ್ಬರಲ್ಲಿ ಒಬ್ಬನಾದರೂ ಯೋಚಿಸಬೇಕಿತ್ತು. ಸುಕ್ರ “ನಮ್ಮ ತಂಗಿಗೆ ದಿಬ್ಬಣ” ಎಂದು ನಗುತ್ತಾ ಕೂತಿದ್ದನಂತೆ.

ಅಪ್ಪ ಗದ್ದೆಯಿಂದ ಬಂದಿರಲಿಲ್ಲ. ಬಿಸಿಲಿಗೆ ಬಂದವರನ್ನು ಅಂಗಳದಲ್ಲಿ ನಿಲ್ಲಿಸುವುದು ಹೇಗೆ? ಅವ್ವಿ ಒಳಗೆ ಕರೆದು ಬೆಲ್ಲ, ನೀರು ಕೊಟ್ಟಳು. ಇವರು ತಲೆ ತಗ್ಗಿಸಿ ಕೂತರು. ಸುಕ್ರ ಮೂರನೇ ಲೋಟ ನೀರು ಕುಡಿಯುತ್ತಾ ಗರಗತ್ತಿ ಎಲೆಯ ಸುದ್ದಿ ಹೇಳುತ್ತಿದ್ದ. ನಾನು ಬಾಗಿಲ ಸಂದಿಯಲ್ಲಿದ್ದೆ. ಹೊರಗೆ ಏನೋ ಸದ್ದು. ಚರಕ್, ಚರಕ್, ಆಮೇಲೆ ಕಿರ್ ಎಂದು.

ಓಡಿ ಹೋಗಿ ನೋಡುತ್ತೇನೆ, ಚಂದ್ರಿ! ಗೂಟ ಕಿತ್ತುಕೊಂಡು ಬಂದು, ನನ್ನ ಕೈಯ ತಟ್ಟಿ ಎಳೆದು ಬೀಳಿಸಿ, ಒಳಗಿನ ಹುಲ್ಲನ್ನು ಬಾಯಿ ತುಂಬ ಜಗಿಯುತ್ತಿದೆ. ಸಂದಿಯಲ್ಲಿ ಉಳಿದ ಹುಲ್ಲು ಬಾಯಿಗೆ ಸಿಗಲಿಲ್ಲ, ಅದಕ್ಕೆ ಕೋಡು ಹಾಕಿ ಎತ್ತುತ್ತಿದೆ. ಎತ್ತಿದಾಗಲೆಲ್ಲ ಕಿರ್. ಎಡಗಡೆ ಬಾಗಿಲ ಮೇಲೆ ಮೊಳದುದ್ದ ಎರಡು ಗೀರು. ಕವಳಿ ಮುಳ್ಳು ಎಂಟು ಕಡೆ ಮಾಡಿದ್ದನ್ನು ನಮ್ಮ ಚಂದ್ರಿ ಎರಡರಲ್ಲಿ ಮುಗಿಸಿತ್ತು.

ಎಲ್ಲರೂ ಹೊರಗೆ ಬಂದರು. ಸುಕ್ರ ತಲೆಯ ಮೇಲೆ ಕೈಯಿಟ್ಟ. ಅದೇ ಹೊತ್ತಿಗೆ ಅಪ್ಪ ಬೇಲಿ ದಾಟಿ ಬಂದ. ಅಂಗಳದಲ್ಲಿ ಹೆಣ್ಣು ಕೇಳಿದ ಹುಡುಗ, ಅರ್ಧ ಬಿಚ್ಚಿದ ಲಾರಿ, ಪೂರಾ ಬಿಚ್ಚಿದ ಎಮ್ಮೆ.

ಹುಲ್ಲು ಇಡಲು ಹೇಳಿದ್ದು ನಾನು. ಕುಪ್ಪನ ಒಂದೊಂದೇ ತೆಂಗಿನ ಮರ ಕಣ್ಣೆದುರು ಬಂದು ನಿಂತಿತು.

ನಿನ್ನ ಅಜ್ಜ ಗೀರು ನೋಡಿದರು. ಎಮ್ಮೆ ನೋಡಿದರು. ಎಮ್ಮೆಗೆ ಬೈಯಲಿಲ್ಲ, ಕೈ ಎತ್ತಲಿಲ್ಲ. ಹತ್ತಿರ ಹೋಗಿ, ಅದರ ಬಾಯಲ್ಲಿ ಗರಿಯ ದಿಂಡಿನ ಒಂದು ಚೂಪು ತುಂಡು ಅಡ್ಡ ಸಿಕ್ಕಿತ್ತು, ದವಡೆ ಹಿಡಿದು ಬೆರಳು ಹಾಕಿ ಅದನ್ನು ಮೆಲ್ಲಗೆ ತೆಗೆದರು. “ಗಂಟಲಿಗೆ ಹೋಗ್ತಿತ್ತು” ಎಂದರು, ಅಷ್ಟೇ. ಚಂದ್ರಿ ಅವರ ಇಸ್ತ್ರಿ ಅಂಗಿಗೆ ಜೊಲ್ಲು ಒರೆಸಿತು. ನಮ್ಮ ಮನೆಯ ದನಗಳಿಗೆ ಆ ಅಂಗಿಯ ಮೇಲೆ ಏನು ಹಗೆಯೋ.

ಅಪ್ಪ ಲಾರಿಗೆ ಸುತ್ತು ಬಂದ. ಉಳಿದ ತಟ್ಟಿಯನ್ನು ತಾನೇ ಬಿಚ್ಚಿ ಅಂಗೈ ಎಳೆದ. ಬಲಗಡೆ, ಹಿಂದೆ, ಮುಂದೆ, ಎಲ್ಲೂ ಕೈ ನಿಲ್ಲಲಿಲ್ಲ. ಎಡಗಡೆ ಬಂದು ನಿಂತಿತು.

“ಎರಡುಂಟು” ಎಂದ.

ಅವ್ವಿ ಜೀವಮಾನದಲ್ಲಿ ಮೊದಲ ಸಲ ಹೊರಗಿನವರ ಎದುರು ಅಪ್ಪನಿಗೆ ತಿರುಗಿ ಮಾತಾಡಿದಳು. “ಉಂಟು. ಯಾರದ್ದು? ಮೂರು ದಿನದಿಂದ ಗೂಟ ಸಡಿಲ ಆಗ್ಯದೆ ಹೇಳಿ ಬಾಯಿ ಬಡ್ಕಂಡೆ. ಮೋಡ ನೋಡೂಕೆ ಪುರುಸೊತ್ತಿತ್ತು, ಗೂಟ ನೋಡೂಕೆ ಇರ್ಲಿಲ್ಲ!”

ಅಪ್ಪ ಚಂದ್ರಿಯ ಕುತ್ತಿಗೆಯ ಹಗ್ಗದಲ್ಲಿ ಜೋತಾಡುತ್ತಿದ್ದ ಗೂಟ ಹಿಡಿದು ನೋಡಿದ. ಆಮೇಲೆ “ನಮ್ಮ ಎಮ್ಮೆ ಗೀರಿದ್ದು ನಮ್ಮ ಗೀರು. ಅದು ಗಾಡಿ ಹೊಡಿಯೋನ ಲೆಕ್ಕಕ್ಕೆ ಬರೂದಿಲ್ಲ” ಎಂದ. ಇವರ ಕಡೆ ತಿರುಗಿ, “ಇದು ತೆಗಿಯೂದು ಹ್ಯಾಂಗೆ ಹೇಳು. ನಮ್ಮ ಗೀರು ನಾನೇ ತೆಗಿತೆ” ಎಂದ. 

ಅಷ್ಟು ಹೇಳಿದ ಮೇಲೆ ಆ ದಿನ ಮದುವೆಯ ಮಾತು ಯಾರೂ ಆಡಲೇ ಇಲ್ಲ. ಇವರು ಸೀಟಿನ ಕೆಳಗಿನಿಂದ ಕರಿ ಕಾಗದ ತೆಗೆದು ನೀರಿನಲ್ಲಿ ನೆನೆಹಾಕಿದರು. ಅಪ್ಪ ಬಾಗಿಲು ತೊಳೆದ. ಉಗುರು ಎಳೆಯುವುದು ಕಲಿತ. ಒಂದು ಗೀರಿನಲ್ಲಿ ಜಾರಿತು, ಇನ್ನೊಂದರಲ್ಲಿ ಸಿಕ್ಕಿತು. ಸಿಕ್ಕಿದ್ದಕ್ಕೆ ಉಸ್ತಾದರೇ ಆಗಬೇಕು ಎಂದಾಗ ಅಪ್ಪನಿಗೆ ಬೇಸರವಾಯಿತು. ಜಾರಿದ್ದನ್ನು ಮಾತ್ರ ಹೊತ್ತು ಮುಳುಗುವವರೆಗೆ ಉಜ್ಜಿದ. ಸುಕ್ರ ಸಹಾಯಕ್ಕೆ ಕೈ ಚಾಚಿದರೆ “ಏ, ಭಾರ ಹಾಕ್ಬೇಡ ಮಾರಾಯ, ಬೆಣ್ಣೆ ಸವರ್ದಾಂಗೆ” ಎಂದು ಗದರಿದ. ಗೀರು ಹೋದಾಗ ಅವ್ವಿಯನ್ನು ಕರೆದು ತೋರಿಸಿದ. ಲಾರಿ ಹೊರಟಾಗ ಬೇಲಿಯ ದಾಸವಾಳದ ಗೆಲ್ಲನ್ನು ತಾನೇ ಹಿಡಿದು ನಿಂತ. ಆವಾಗ ನನಗೆ ಗೊತ್ತಾಯಿತು, ಕುಪ್ಪನ ಮರಗಳು ಬಿದ್ದವು ಎಂದು.

ಮದುವೆ ಚೈತ್ರದಲ್ಲಿ ಆಯಿತು. ದಿಬ್ಬಣ ಅದೇ ಲಾರಿಯಲ್ಲಿ. ಹೆಗಡೆಯವರು ಲಾರಿ ಕೊಡುವಾಗ ಒಂದೇ ಮಾತು ಹೇಳಿದ್ದರಂತೆ, “ಹೂವು ಕಟ್ಟು, ಅಡ್ಡಿಲ್ಲೆ. ಹುಲ್ಲು ಕಟ್ಟದು ಬ್ಯಾಡ.” ಹಿಂದೆ ನೆಂಟರು, ಮುಂದೆ ಕ್ಯಾಬಿನಿನಲ್ಲಿ ನಾನು, ಇವರು. ಮದುಮಗನೇ ಡ್ರೈವರ್. ಬೇರೆಯವರ ಕೈಗೆ ಕೊಟ್ಟರೆ ಗೀರು ಬಿದ್ದೀತು. ಮುಟ್ಟಳ್ಳಿಯ ಓಣಿ ಸಪೂರ. ಅಪ್ಪ ಒಂದು ಕೋಲು ಹಿಡಿದು ಲಾರಿಯ ಮುಂದೆ ನಡೆದ. ಎಡಗಡೆಯ ಗೆಲ್ಲು ಸರಿಸಿ ಕೈ ಎತ್ತಿದರೆ ಲಾರಿ ಮುಂದೆ, ಬಲಗಡೆಗೆ ಓಡಿ ಕೈ ತೋರಿಸಿದರೆ ಲಾರಿ ನಿಂತಿತು. ಹಿಂದಿನಿಂದ ನೆಂಟರು ಕೂಗಿದರು, “ಬೊಮ್ಮಣ್ಣ, ನಾವು ಇಳ್ದು ನಡ್ದ್ರೆ ಬೆಳಕೆಗೆ ಮುಂಚೆ ಮುಟ್ತೇವೆ!” ಇವರು ಒಂದು ಸಲವೂ ಹಾರ್ನ್ ಹೊಡೆಯಲಿಲ್ಲ. ಮಾವ ಮುಂದೆ ನಡೆಯುತ್ತಿರುವಾಗ ಹೊಡೆಯುವುದು ಹೇಗೆ?

ಆ ಓಣಿ ಮುಗಿಯುವುದರೊಳಗೆ ನಾನು ಅವರ ಹತ್ತಿರ ಮೊದಲ ಮಾತು ಆಡಿದೆ. ಎರಡು ತಿಂಗಳಿಂದ ಎದೆಯಲ್ಲಿ ಇಟ್ಟುಕೊಂಡಿದ್ದ ಮಾತು. “ಆ ಹುಲ್ಲು ಇಡೂಕೆ ಹೇಳಿದ್ದು ನಾನು.”

ಅವರು ನನ್ನನ್ನು ನೋಡಲಿಲ್ಲ. ಕನ್ನಡಿ ನೋಡಿದರು. ಕನ್ನಡಿಯಲ್ಲಿ ನಾನಿದ್ದೆ.

“ಗೊತ್ತಿತ್ತು. ನನ್ನ ಅವ್ವಿ ನಿಮ್ಮನೆಗೆ ಬಂದು ಹೋದ ದಿನವೇ ಹೇಳಿತ್ತು” ಎಂದರು. “ಮತ್ತೆ ಎಮ್ಮೆಗೆ ಹ್ಯಾಂಗೆ ಬೈಲಿ?”